ಬಿಳಿ ಫಲಕಕ್ಕೊಂದು ಬೊಟ್ಟು

ಪೆಟ್ಟಿಗೆ ತೆರೆದ ಬೃಂದಾ ಮುಚ್ಚಳ ಹಿಡಿದಂತೆಯೇ ಬಗ್ಗಿ ನೋಡಿದಳು. ಬಿಳಿ ಫಲಕದ ನಟ್ಟನಡುವೆ ಗಂಧ, ಅದರ ಮೇಲೆ ಕಾಸಗಲ ಕುಂಕುಮ. ನಿನ್ನೆ ಆಯುಧಪೂಜೆ. ಆಫೀಸಿನ ಕಂಪ್ಯೂಟರು, ಲಿಫ್ಟು, ಕಾಫಿ ಮಷೀನು ಎಲ್ಲಕ್ಕೂ ಬೊಟ್ಟಿಟ್ಟ ಭಕ್ತಿ ಬೀಗ ಹಾಕಿದ ಪೆಟ್ಟಿಗೆಯನ್ನೂ ಬಿಟ್ಟಿರಲಿಲ್ಲ.

ಬೆರಳು ಸೋಕಿದರೂ ಕೆಡುವ ಫಲಕವದು. ತಾಂಬರಂ ಆಚೆಯ ಈ ಮೈದಾನದಲ್ಲಿ ಹಾಸಿದ ಬೂದು ಬಟ್ಟೆ ಎಷ್ಟು ಬೆಳಕನ್ನು ಹಿಂದಿರುಗಿಸುತ್ತದೆಂದು ಅದಕ್ಕೆ ಹೋಲಿಸಿ ಅಳೆಯಬೇಕು. ಅದೇ ಹೊತ್ತಿಗೆ ಮೇಲೆ ಹಾಯುವ ಉಪಗ್ರಹದ ಕ್ಯಾಮೆರಾವನ್ನು ಆ ಅಳತೆಗೆ ಸರಿಹೊಂದಿಸಬೇಕು. ಯಾವ ಕೆರೆಗೆ ಕೊಳಚೆ ಸೇರುತ್ತಿದೆಯೆಂದು ಜನ ಆ ಚಿತ್ರ ನೋಡಿಯೇ ಹೇಳುತ್ತಿದ್ದರು. ವರದಿಯ ಕೆಳಗೆ ಬೃಂದಾಳ ಸಹಿ.

ಅವಳು ಕಂಪನಿಯ ಯಜಮಾನ ಗಿರಿಧರ್‌ಗೆ ಫೋನ್ ಮಾಡಿದಳು.

"ನಾನೇ ಇಟ್ಟಿದ್ದು ಕಣಮ್ಮ, ಒಳ್ಳೇದಾಗ್ಲಿ ಅಂತ. ಒದ್ದೆ ಬಟ್ಟೇಲಿ ಒರೆಸ್ಬಿಡು."

"ಒರೆಸಿದ್ರೆ ಇನ್ನೂ ಕೆಡತ್ತೆ ಸರ್. ಇವತ್ತು ಅಳೆಯೋಕಾಗಲ್ಲ."

"ಹೋದ ತಿಂಗಳದ್ದನ್ನೇ ಹಾಕಿ ಡೇಟ್ ಬದಲಾಯ್ಸು, ಪೋದುಂ, ಅಷ್ಟು ಸಾಕು. ಜೂನಲ್ಲಿ ನೀನು ರಜಾ ಹಾಕಿದ್ಯಲ್ಲ, ನಾನೇ ಹಂಗೆ ಮಾಡಿ ನಿನ್ನ ಹೆಸರು ಹಾಕ್ದೆ. ಯಾರಿಗಾದ್ರೂ ಗೊತ್ತಾಯ್ತಾ?"

ಥೂ, ಎಂದುಕೊಂಡಳು. ಆದರೆ ಆ ಥೂ ಅವನೊಬ್ಬನ ಮೇಲೆ ಬೀಳಲಿಲ್ಲ. ಜೂನ್ ವರದಿಗಾಗಿ ಸಭೆಯಲ್ಲಿ ಎಲ್ಲರೂ ಅವಳನ್ನು ಹೊಗಳಿದ್ದರು. ತಾನಿಲ್ಲದ ತಿಂಗಳ ಅಳತೆ ಎಲ್ಲಿಂದ ಬಂತು ಎಂದು ಕೇಳಬೇಕೆಂದು ಆಗಲೇ ಅನ್ನಿಸಿತ್ತು. ಚಪ್ಪಾಳೆ ಹಿತವಾಗಿತ್ತು; ಕೇಳಿರಲಿಲ್ಲ. ತನ್ನ ಬಗ್ಗೆಯೇ ಹೇಸಿಗೆಯಾಗಿ ಅವಳು ಫೋನ್ ಇಟ್ಟಳು.

"ಉಪಗ್ರಹ ಬರಲಿಕ್ಕೆ ಇನ್ನು ಎಂಟು ನಿಮಿಷ ಉಂಟು ಮೇಡಂ. ಒರೆಸುವುದಾ?" ಉಪಕರಣ ನೋಡಿಕೊಳ್ಳುವ ಮೋನಪ್ಪ ಕರವಸ್ತ್ರ ಒದ್ದೆ ಮಾಡಿಕೊಂಡು ನಿಂತಿದ್ದರು.

"ಬೇಡ. ಹೀಗೇ ಇದರ ಒಂದು ಫೋಟೋ ತೆಗೀರಿ."

ಹತ್ತು ನಲವತ್ತೆರಡಾಯಿತು. ಮೋನಪ್ಪ ತಲೆಯೆತ್ತಿ ನೋಡಿದರು. ಬಿಸಿಲು ಬಿಟ್ಟರೆ ಏನೂ ಕಾಣಲಿಲ್ಲ.

"ಹೋಯಿತಾ ಮೇಡಂ?"

"ಹೋಯ್ತು."

ಅವಳು ನೆಲದ ಮೇಲೆ ಕೂತು ಲ್ಯಾಪ್‌ಟಾಪ್ ತೆರೆದಳು. ಇಂದಿನ ಸಾಲಿನಲ್ಲಿ 'ಅಳತೆ ಇಲ್ಲ' ಎಂದು ಬರೆದಳು. ಜೂನ್ ತಿಂಗಳಿಗೆ ಹೋಗಿ, ತನ್ನ ಹೆಸರಿನ ಪಕ್ಕದಲ್ಲೂ ಅದನ್ನೇ ಬರೆದು, 'ಇದು ನನ್ನ ಅಳತೆಯಲ್ಲವೆಂದು ಗೊತ್ತಿದ್ದೂ ಸುಮ್ಮನಿದ್ದೆ' ಎಂದು ಸೇರಿಸಿದಳು. ಚಿತ್ರ ಪಡೆಯುವವರಿಗೆಲ್ಲ ಅದನ್ನು ಕಳಿಸಿದಳು.

ಎರಡೇ ನಿಮಿಷಕ್ಕೆ ಫೋನ್ ಬಡಿದುಕೊಳ್ಳತೊಡಗಿತು. ಗಿರಿಧರ್. ಮೋನಪ್ಪ ಆ ಹೆಸರು ನೋಡಿದರು, ಅವಳ ಮುಖ ನೋಡಿದರು. ಕೊಡೆ ಬಿಚ್ಚಿ ಅವಳ ತಲೆಯ ಮೇಲೆ ಹಿಡಿದರು.