ಏರುದಾರಿಯಲ್ಲಿ ನಿಂತ ಕೆಂಪು ಕಾರು

"ಹೂಂ, ಈಗ ತಿರುಗಿಸು," ಎಂದು ಚಿಕ್ಕಪ್ಪ ಬಾನೆಟ್ಟಿನೊಳಗೆ ತಲೆ ಹಾಕಿಕೊಂಡೇ ಕೂಗಿದ.

ಮಗಳು ಕೀಲಿ ತಿರುಗಿಸಿದಳು. ಎಂಜಿನ್ ಗರಗರ ಎಂದು ಒದ್ದಾಡಿ, ಒಂದು ಸಲ ಕೆಮ್ಮಿ, ಸುಮ್ಮನಾಯಿತು. ಅಪ್ಪನ ಶವಪೆಟ್ಟಿಗೆಯಿದ್ದ ಕಪ್ಪು ವ್ಯಾನು ಏರಿನ ತಿರುವಿನಲ್ಲಿ ಮರೆಯಾಗಿ ಆಗಲೇ ಬಹಳ ಹೊತ್ತಾಗಿತ್ತು. ಹಿಂದಿನಿಂದ ಹೋದ ಕಾರುಗಳಲ್ಲಿ ಒಂದೂ ನಿಲ್ಲಲಿಲ್ಲ. ಅಪ್ಪನ ಈ ಹಳೆಯ ಕೆಂಪು ಸ್ಪೋರ್ಟ್ಸ್ ಕಾರು ದಾರಿಯಲ್ಲಿ ನಿಂತದ್ದನ್ನು ನೋಡಿ ನೋಡಿ ಎಲ್ಲರಿಗೂ ಅಭ್ಯಾಸವಾಗಿತ್ತು. ನಿಂತವನು ಸಾಲಿನ ಕೊನೆಯಲ್ಲಿ ಬರುತ್ತಿದ್ದ ಚಿಕ್ಕಪ್ಪ ಒಬ್ಬನೇ.

ಚಿಕ್ಕಪ್ಪ ಗ್ಯಾರೇಜಿನವನು. ಅಣ್ಣನ ಮನೆಯ ಮೆಟ್ಟಿಲು ಹತ್ತದೆ ವರ್ಷಗಳೇ ಕಳೆದಿದ್ದವು. ಇವತ್ತು ಬೆಳಿಗ್ಗೆಯೂ ಗೇಟಿನ ಹೊರಗೇ ನಿಂತಿದ್ದ.

"ಬೇಡ ಅಂದೆ, ಕೇಳಿದ್ಯಾ ಅಮ್ಮಾ?" ಮಗಳು ಸ್ಟಿಯರಿಂಗಿಗೆ ಗುದ್ದಿದಳು. "ಬೇರೆ ಕಾರಲ್ಲಿ ಹೋಗೋಣ ಅಂದೆ. ಇವತ್ತಾದ್ರೂ ಇದರ ಸಹವಾಸ ಬೇಡ ಅಂದೆ."

ಪಕ್ಕದ ಸೀಟಿನಲ್ಲಿ ಅಮ್ಮ ಕೈಚೀಲ ತಬ್ಬಿಕೊಂಡು ಕೂತಿದ್ದಳು. "ಸತ್ತಾಗ ನನ್ನನ್ನ ಇದರಲ್ಲೇ ಕರ್ಕೊಂಡು ಹೋಗಿ ಅಂತಿದ್ರು ಅವರು. ಪೆಟ್ಟಿಗೆ ಇದರಲ್ಲಿ ಹಿಡಿಸಲ್ಲ. ನಾನಾದ್ರೂ ಹಿಡಿಸ್ತೀನಲ್ಲ."

"ಅತ್ತಿಗೆ, ನನ್ನ ವ್ಯಾನಲ್ಲಿ ಕೂತ್ಕೊಳ್ಳಿ, ಬಿಟ್ಟು ಬರ್ತೀನಿ," ಎಂದ ಚಿಕ್ಕಪ್ಪ.

"ಇದು ನಿಂತಾಗೆಲ್ಲ ನಾನು ಅವರಿಗೋಸ್ಕರ ಕಾದಿದ್ದೀನಿ. ಇವತ್ತು ಅವರು ಕಾಯಲಿ."

ಮಗಳ ಫೋನು ಬಡಿದುಕೊಂಡಿತು. ಅಪ್ಪ ಕೆಲಸ ಮಾಡುತ್ತಿದ್ದ ಹಲ್ಲಿನ ಆಸ್ಪತ್ರೆಯ ಡಾಕ್ಟರು. "ಎಲ್ಲಿದೀಯಮ್ಮಾ? ಇಲ್ಲಿ ಇನ್ನೊಂದು ಸಾವಿನ ಮನೆಯವರೂ ಬಂದಿದ್ದಾರೆ. ಬೇಗ ಮುಗಿಸಿ ಅಂತ ಸ್ಮಶಾನದವರು ತಲೆ ತಿಂತಿದ್ದಾರೆ. ನಾನು ಎಷ್ಟು ಹೊತ್ತು ಅಂತ ತಡೀಲಿ?"

"ಬಂದ್ವಿ ಸಾರ್," ಎಂದಳು. ಕಾರು ಒಂದಿಂಚೂ ಕದಲಿರಲಿಲ್ಲ.

*

ಅಪ್ಪ ಕಟ್ಟುಹಲ್ಲು ಮಾಡುತ್ತಿದ್ದ. ಯಾರಾದರೂ ಬಂದು ಎಲ್ಲೋ ಒತ್ತುತ್ತೆ ಎಂದರೆ, ಗುರುತು ಮೂಡಿಸುವ ನೀಲಿ ಕಾಗದ ಕಚ್ಚಿಸಿ, ಆ ಜಾಗ ಹುಡುಕಿ, ಕೂದಲೆಳೆಯಷ್ಟು ಉಜ್ಜಿ ಕೊಡುತ್ತಿದ್ದ. ಮತ್ತೆ ಬಂದರೆ ಮತ್ತೆ ಉಜ್ಜುತ್ತಿದ್ದ. ಅಲ್ಲಿ ಅವನು ದನಿ ಏರಿಸಿದ್ದನ್ನು ಕಂಡವರಿಲ್ಲ. ಮನೆಯಲ್ಲಿ, ಭಾನುವಾರದ ದಿನ, ಆ ಎರಡು ಸೀಟಿನ ಕಾರಿನ ಮುಂದೆ ಮಾತ್ರ ಬೇರೆಯೇ ಮನುಷ್ಯ. ಕೈಯಲ್ಲಿದ್ದ ಸ್ಪ್ಯಾನರ್ ಎಸೆಯುತ್ತಿದ್ದ, ಟೈರಿಗೆ ಒದ್ದು ಕುಂಟುತ್ತಾ ಊಟಕ್ಕೆ ಬರುತ್ತಿದ್ದ.

ಕಾರು ಬಂದ ಮೊದಲ ವರ್ಷಗಳಲ್ಲಿ ಹೀಗಿರಲಿಲ್ಲ. ಆಗ ಗಾಡಿ ನೋಡಿಕೊಳ್ಳುತ್ತಿದ್ದವನು ಚಿಕ್ಕಪ್ಪ. ಒಂದು ಸಲ ಅವನು ಕಾರ್ಬುರೇಟರ್ ಬಿಚ್ಚಿ ತೊಳೆದು ಜೋಡಿಸಿಕೊಟ್ಟ. ಅದೇ ವಾರ ಆಸ್ಪತ್ರೆಯಲ್ಲಿ ಕೊನೆಯುಸಿರಿನಲ್ಲಿದ್ದ ಅಜ್ಜಿ ಮಕ್ಕಳಿಬ್ಬರನ್ನೂ ನೋಡಬೇಕು ಎಂದಳು. ಅಲ್ಲೇ ಇದ್ದ ಚಿಕ್ಕಪ್ಪ ಅವಳ ಕೈ ಹಿಡಿದುಕೊಂಡ. ಅಪ್ಪ ಕಾರು ಹತ್ತಿ ಹೊರಟ. ಅದು ನಡುದಾರಿಯಲ್ಲಿ ನಿಂತಿತು. ಯಾರದೋ ಲಾರಿ ಹತ್ತಿ ಅವನು ಆಸ್ಪತ್ರೆ ತಲುಪುವಷ್ಟರಲ್ಲಿ ಅಜ್ಜಿಯ ಮುಖದ ಮೇಲೆ ಬಟ್ಟೆ ಎಳೆದಾಗಿತ್ತು.

"ನೀನು ಮುಟ್ಟೋ ತನಕ ಗಾಡಿ ಚೆನ್ನಾಗಿತ್ತು," ಎಂದ ಅಪ್ಪ, ಆಸ್ಪತ್ರೆಯ ಪಡಸಾಲೆಯಲ್ಲಿ, ನೆಂಟರ ಮುಂದೆ. "ಅಮ್ಮನ ಮುಖ ನೋಡದ ಹಾಗೆ ಮಾಡಿದೆ."

"ಹಾಗಿದ್ರೆ ಇನ್ನು ಮುಟ್ಟಲ್ಲ," ಎಂದ ಚಿಕ್ಕಪ್ಪ.

ಚಿಕ್ಕಪ್ಪ ಮಾತಿಗೆ ತಪ್ಪಲಿಲ್ಲ, ಅಪ್ಪನೂ ಕರೆಯಲಿಲ್ಲ. ಅಪ್ಪ ತಾನೇ ಕಾಯಿಲ್ ಬದಲಿಸಿದ, ಪಂಪ್ ಬದಲಿಸಿದ, ವೈರುಗಳನ್ನೆಲ್ಲ ಕಿತ್ತು ಹೊಸದು ಎಳೆದ. ಕಾರು ಒಂದಷ್ಟು ದೂರ ಕುದುರೆಯಂತೆ ಓಡುತ್ತಿತ್ತು, ಆಮೇಲೆ ನಿಲ್ಲುತ್ತಿತ್ತು. ಕಾದು ಕೂತರೆ ಏನೂ ಆಗದ ಹಾಗೆ ಮತ್ತೆ ಹೊರಡುತ್ತಿತ್ತು.

*

"ಕಿಡಿ ಚೆನ್ನಾಗಿ ಬರ್ತಿದೆ," ಚಿಕ್ಕಪ್ಪ ತನಗೇ ಹೇಳಿಕೊಂಡ. ಪೈಪೊಂದನ್ನು ಬಿಚ್ಚಿ ನೋಡಿದ. ಒಂದೆರಡು ಹನಿ ಜಿನುಗಿ ನಿಂತಿತು. "ಪೆಟ್ರೋಲೇ ಬರ್ತಿಲ್ಲ. ಟ್ಯಾಂಕಲ್ಲಿ ಎಷ್ಟಿದೆ?"

"ಅರ್ಧ," ಎಂದಳು ಮಗಳು.

"ಪೆಟ್ರೋಲ್ ಇದೆ, ಪಂಪು ಹೊಸದು, ಪೈಪು ಸರಿಯಾಗಿದೆ. ಇನ್ನೇನು ರೋಗ ಇದಕ್ಕೆ?" ಕರ್ಚೀಫಿನಿಂದ ಕತ್ತು ಒರೆಸಿಕೊಂಡ. ಸಾವಿಗೆಂದು ಹಾಕಿದ್ದ ಬಿಳಿ ಅಂಗಿಯ ತೋಳಿಗೆ ಎಣ್ಣೆ ಹತ್ತಿತ್ತು.

"ಬಿಸಿಗೆ ನಿಲ್ಲುತ್ತೆ ಅಂತಿದ್ರು ಅವರು," ಎಂದಳು ಅಮ್ಮ. "ಪೈಪಿಗೆಲ್ಲ ಒದ್ದೆ ಬಟ್ಟೆ ಸುತ್ತುತ್ತಿದ್ರು."

"ಸುತ್ತಿದ್ರೆ ಏನಾಗ್ತಿತ್ತು?"

"ಬಟ್ಟೆ ಒಣಗ್ತಿತ್ತು."

ಮಗಳಿಗೆ ನಗು ಬಂತು. ನಗು ಬಂದದ್ದಕ್ಕೆ ಸಿಟ್ಟೂ ಬಂತು. ಫೋನು ಮತ್ತೆ ಬಡಿದುಕೊಂಡಿತು. ಅವಳು ಎತ್ತಲಿಲ್ಲ.

"ಬಿಸಿಯೂ ಅಲ್ಲ ಅನ್ಸುತ್ತೆ ನನಗೆ," ಅಮ್ಮ ಮುಂದುವರಿಸಿದಳು. "ಒಂದು ಸಲ ಪೆಟ್ರೋಲ್ ಬಂಕಿನ ಎದುರಲ್ಲೇ ನಿಂತುಬಿಡ್ತು. ಎಂಜಿನ್ನು ಕೆಂಡ. ಹೇಗೂ ಬಂದಿದ್ದೀವಿ ಅಂತ ಒಳಗೆ ತಳ್ಳಿ ಪೆಟ್ರೋಲ್ ಹಾಕಿಸಿದ್ರು. ತಕ್ಷಣ ಸ್ಟಾರ್ಟ್ ಆಯ್ತು. ತಣ್ಣಗಾಗೋಕೆ ಬಿಡ್ಲೇ ಇಲ್ಲ. ನಾನು ಹೇಳ್ದೆ ಅವರಿಗೆ. ನಿನಗೇನು ಗೊತ್ತು ಸುಮ್ನಿರು ಅಂದ್ರು."

ಚಿಕ್ಕಪ್ಪ ನೆಟ್ಟಗೆ ನಿಂತ. "ಏನಂದ್ರಿ?"

"ಸುಮ್ನಿರು ಅಂದ್ರು."

"ಅದಲ್ಲ ಅತ್ತಿಗೆ. ಪೆಟ್ರೋಲ್ ಹಾಕಿಸಿದ ತಕ್ಷಣವಾ?"

ಉತ್ತರಕ್ಕೆ ಕಾಯದೆ ಕಾರಿನ ಹಿಂಭಾಗಕ್ಕೆ ಓಡಿದ. ಟ್ಯಾಂಕಿನ ಮುಚ್ಚಳ ಫಳಫಳ ಹೊಳೆಯುತ್ತಿತ್ತು. ಎರಡೂ ಕೈಯಲ್ಲಿ ಹಿಡಿದು ತಿರುವಿದ. ಸುಯ್ ಎಂದು ಗಾಳಿ ಒಳಗೆ ನುಗ್ಗಿದ ಸದ್ದು ಅಮ್ಮನಿಗೂ ಕೇಳಿಸಿತು. ಚಿಕ್ಕಪ್ಪ ಮುಚ್ಚಳ ಮಗುಚಿ ನೋಡಿದ, ಬೆರಳಿನಿಂದ ಸವರಿದ, ಮತ್ತೆ ನೋಡಿದ. ಮುಂದೆ ಬಂದು ಪೈಪನ್ನು ಮತ್ತೆ ಜೋಡಿಸಿದ.

"ತಿರುಗಿಸು."

ಎಂಜಿನ್ ಒಂದೇ ಏಟಿಗೆ ಎದ್ದಿತು.

"ಇದು ಈ ಗಾಡಿ ಮುಚ್ಚಳ ಅಲ್ಲ," ಎಂದ ಚಿಕ್ಕಪ್ಪ. "ಇದಕ್ಕೆ ತೂತೇ ಇಲ್ಲ. ಪೆಟ್ರೋಲ್ ಹೊರಗೆ ಹೋದಷ್ಟೂ ಒಳಗೆ ಗಾಳಿ ಬರಬೇಕು. ಬಾಟಲಿಗೆ ಬಾಯಿಟ್ಟು ಎಳೀತಾನೇ ಇದ್ರೆ ಎಷ್ಟು ಹೊತ್ತು ಬರುತ್ತೆ ನೀರು? ಯಾವನು ಹಾಕಿದ್ದು ಇದನ್ನ?"

ಅಮ್ಮ ಮಗಳ ಕಡೆ ನೋಡಿದಳು. ನೋಡಬಾರದಿತ್ತು ಎಂದು ತಕ್ಷಣ ಮುಖ ತಿರುಗಿಸಿದಳು.

"ನಾನು," ಎಂದಳು ಮಗಳು. "ಹಳೇದು ತುಕ್ಕು ಹಿಡಿದಿತ್ತು. ಮೊದಲನೇ ಸಂಬಳದಲ್ಲಿ ತಂದುಕೊಟ್ಟೆ. ಅಜ್ಜಿ ಹೋದ ವಾರವೇ, ಅವಳು ಹೋಗೋಕೆ ಮುಂಚೆ."

ಎಂಜಿನ್ ಎಂದೂ ಕೆಡದ ಎಂಜಿನ್ನಿನ ಹಾಗೆ, ಹದವಾಗಿ ಓಡುತ್ತಿತ್ತು. ಮಗಳು ಬಾಯಿಗೆ ಕೈ ಅಡ್ಡ ಹಿಡಿದಳು.

ಚಿಕ್ಕಪ್ಪ ರಸ್ತೆಯ ಅಂಚಿನಲ್ಲಿ ಕುಕ್ಕರಿಸಿದ. "ನನ್ನ ಕೈಯಲ್ಲೇ ಏನೋ ತಪ್ಪಾಗಿದೆ ಅಂದ್ಕೊಂಡಿದ್ದೆ," ಎಂದ. "ಬಾಯಲ್ಲಿ ಒಪ್ಪಲಿಲ್ಲ. ಆದ್ರೆ ಅಂದ್ಕೊಂಡಿದ್ದೆ. ಅವತ್ತಿಂದ ಯಾವ ಕಾರ್ಬುರೇಟರ್ ಬಿಚ್ಚಿದ್ರೂ ಅಮ್ಮನೇ ಕಣ್ಮುಂದೆ ಬರ್ತಾಳೆ."

"ಚಿಕ್ಕಪ್ಪಾ, ನಾನು..."

"ನಿಂದೇನಿದೆ ಅದರಲ್ಲಿ? ಪ್ರೀತಿಯಿಂದ ತಂದೆ, ಅವನು ಪ್ರೀತಿಯಿಂದ ಹಾಕ್ಕೊಂಡ." ದನಿ ಏರಿತು. "ನಾನೊಂದು ಸಲ ಹೋಗಿ ನೋಡಿದ್ರೆ ಆಗ್ತಿತ್ತು. ಒಂದು ಭಾನುವಾರ! ಅವನು ಬಾ ಅನ್ನಲಿ ಅಂತ ನಾನು, ನಾನು ಬರಲಿ ಅಂತ ಅವನು. ಥೂ!" ನೆಲದ ಮೇಲಿದ್ದ ಸ್ಪ್ಯಾನರನ್ನು ಎತ್ತಿ ಚರಂಡಿಗೆ ಎಸೆದ.

"ಏಳಪ್ಪಾ," ಎಂದಳು ಅಮ್ಮ. "ಸಾಕು ಅವರು ಕಾದಿದ್ದು."

ಮುಚ್ಚಳವನ್ನು ಬಿಗಿ ಮಾಡದೆ ಸುಮ್ಮನೆ ಮೇಲಿಟ್ಟು ಹೊರಟರು. ಕಾರು ಏರನ್ನು ಸಲೀಸಾಗಿ ಹತ್ತಿತು, ಹಿಂದೆ ಚಿಕ್ಕಪ್ಪನ ವ್ಯಾನು. ದಾರಿಯುದ್ದಕ್ಕೂ ಪೆಟ್ರೋಲ್ ವಾಸನೆ. ಮಗಳು ಕಣ್ಣೊರೆಸಿಕೊಳ್ಳುತ್ತಲೇ ಓಡಿಸಿದಳು.

ಸ್ಮಶಾನದಲ್ಲಿ ಪೆಟ್ಟಿಗೆಯನ್ನು ಹಗ್ಗದಲ್ಲಿ ಅರ್ಧ ಇಳಿಸಿಯಾಗಿತ್ತು. ಡಾಕ್ಟರು ಕೈಯೆತ್ತಿ ತಡೆದರು. ಜನ ದಾರಿ ಬಿಟ್ಟರು. ಅಮ್ಮ ಹೋಗಿ ಪೆಟ್ಟಿಗೆಯ ಕಡೆ ನೋಡುತ್ತಾ ನಿಂತಳು. ಮಗಳು ಅವಳ ಭುಜ ಹಿಡಿದುಕೊಂಡಳು. ಪೆಟ್ಟಿಗೆ ತಳ ಮುಟ್ಟಿತು.

ಚಿಕ್ಕಪ್ಪ ಕೊನೆಗೆ ಬಂದ. ಮಣ್ಣು ಹಾಕುವುದಕ್ಕೆಂದು ಎಲ್ಲರೂ ಅವನಿಗೆ ಜಾಗ ಕೊಟ್ಟರು. ಅವನು ಮಣ್ಣು ತೆಗೆದುಕೊಳ್ಳಲಿಲ್ಲ. ಗುಂಡಿಯ ಅಂಚಿನಲ್ಲಿ ಮೊಣಕಾಲೂರಿ, ಎಣ್ಣೆ ಮೆತ್ತಿದ ಕೈಯನ್ನು ಕೆಳಕ್ಕೆ ಚಾಚಿ, ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಸಾಸಿವೆಯಷ್ಟು ಸಂದು ಬಿಟ್ಟು ಹಿಡಿದ.

"ಇಷ್ಟೇ ಇಷ್ಟು ತೂತು ಕಣೋ," ಎಂದ. "ನೋಡೋ. ಇಷ್ಟೇ."

ಹಾಗೆಯೇ ಹಿಡಿದುಕೊಂಡಿದ್ದ. ಮಣ್ಣು ಎಳೆಯುವವರು ಸಲಿಕೆ ಊರಿ ಕಾಯುತ್ತಾ ನಿಂತರು.