ಮೂಸೆಯ ಮುಂದೆ ಗಂಧೋದಕ

"ಅತ್ಕಂತು ಸಾ, ಬಲ್ಬು ಅತ್ಕಂತು!" ಎಂದು ಕೆಲಸದಾಳು ಪಾಲಾಕ್ಷ ತಿದಿ ಒತ್ತುವುದನ್ನು ಬಿಟ್ಟು ಎದ್ದು ನಿಂತ.

ಜಿನದಾಸ ಕುಲುಮೆಯ ಮೇಲಿನ ಕಬ್ಬಿಣದ ಮೂಸೆಯನ್ನು ದೂರದಿಂದಲೇ ಇಣುಕಿ ನೋಡಿದ. ಬಟ್ಟೆ ಒಗೆಯುವ ಸೋಡಾ ಒಂದೇ ಆಗಿದ್ದರೆ ಈ ಬೆಂಕಿಗೆ ಜಗ್ಗುತ್ತಿರಲಿಲ್ಲ. ಬೂದಿಯಿಂದ ತೆಗೆದ ಪೊಟ್ಯಾಷ್ ಬೆರೆಸಿದ ಮೇಲೆ ಎರಡೂ ಬೇಗನೆ ಕರಗಿ ನೀರಾಗಿದ್ದವು. ಗಟ್ಟಿಯಾಗಿದ್ದಾಗ ಕರೆಂಟನ್ನು ಹತ್ತಿರ ಸೇರಿಸದ ಈ ಬೆರಕೆ ಉಪ್ಪು, ಕರಗಿದ್ದೇ ತಡ, ತನ್ನೊಳಗೆ ಅದ್ದಿದ್ದ ಎರಡು ಸರಳುಗಳ ನಡುವೆ ಅದನ್ನು ಸಲೀಸಾಗಿ ಹರಿಯಬಿಟ್ಟಿತ್ತು. ಬ್ಯಾಟರಿಗೆ ಕಟ್ಟಿದ್ದ ಬಲ್ಬು ಅದಕ್ಕೇ ಉರಿಯುತ್ತಿತ್ತು.

ಯುದ್ಧದ ದೆಸೆಯಿಂದ ಬಸ್ಸಿನ ಬಿಡಿಭಾಗಗಳು ಕಣ್ಣಿಗೂ ಬೀಳದ ಕಾಲ. ಹಿರೀಸಾವೆ ಬಸ್ಸಿಗೆಂದು ಕೈಯಾರೆ ಅರದಿಂದ ಉಜ್ಜಿ ಮಾಡಿದ್ದ ಉಕ್ಕಿನ ಪಿನ್ನನ್ನು ತಂತಿಗೆ ಕಟ್ಟಿ, ಎಲ್ಲೂ ಪಸೆಯಿಲ್ಲವೆಂದು ಸವರಿ ನೋಡಿ, ಜಿನದಾಸ ಮೂಸೆಗೆ ಇಳಿಬಿಟ್ಟ. ಹದವಾಗಿ ಕೆಂಪಾದೊಡನೆ ಎತ್ತಿ ಎಣ್ಣೆಗೆ ಅದ್ದಿದರೇ ಅದು ಗಟ್ಟಿಯಾಗುವುದು; ಹೊತ್ತು ಮೀರಿದರೆ ಉಕ್ಕು ಕೆಟ್ಟಂತೆಯೇ.

ಆಗಲೇ ಬಾಗಿಲಲ್ಲಿ ಅಮ್ಮ ಕಂಡಳು. ಅಪ್ಪನ ಜವಳಿ ಅಂಗಡಿ ಬಿಟ್ಟು ಮಗ ಕುಲುಮೆ ಹಾಕಿದಾಗಿನಿಂದ, ಹುಳಹುಪ್ಪಟೆ ಬೇಯುವ ಜಾಗವೆಂದು ಮರುದೇವಿ ಈ ಹೊಸಿಲು ತುಳಿದಿರಲಿಲ್ಲ. ಚನ್ನರಾಯಪಟ್ಟಣದ ಜೈನರ ಮನೆಗಳಿಗೆಲ್ಲ ಗೊತ್ತಿದ್ದ ಮುನಿಸು ಅದು.

"ಬೆಳಗೊಳದ ಬಸದಿಯಿಂದ ಅಭಿಷೇಕದ ಗಂಧೋದಕ ತಂದಿದೀನಿ ಕಣೋ. ಹೊಸ ಕೆಲಸ ಅಂದ್ಯಲ್ಲ, ನಿನ್ನ ಬೆಂಕಿಗೂ ಒಂಚೂರು ಚಿಮುಕಿಸ್ತೀನಿ" ಎನ್ನುತ್ತ ಗಿಂಡಿಯಲ್ಲಿ ಬೆರಳದ್ದಿ ನೇರ ಮೂಸೆಯ ಕಡೆಗೇ ನಡೆದಳು.

"ಅಮ್ಮಾ, ಬೇಡ!"

ಜಿನದಾಸ ಹಾರಿ ಅವಳ ಮಣಿಕಟ್ಟು ಹಿಡಿದು ಹಿಂದಕ್ಕೆ ತಳ್ಳಿದ. ಅಷ್ಟರಲ್ಲೇ ಬೆರಳಿನ ಒಂದೆರಡು ಹನಿ ಮೂಸೆಗೆ ಬಿದ್ದು ಪಟಾರನೆ ಸಿಡಿದವು. ಕಾದ ಉಪ್ಪು ಅವನ ಮುಂಗೈಗೆ ಹಾರಿ ಚರ್ಮ ಸುಟ್ಟಿತು.

"ಇತ್ಲಾಗ್ ಬನ್ನಿ ಅಮ್ಮಾರೇ! ಗಿಂಡಿ ನೀರು ಬಿದ್ದಿದ್ರೆ ಎಲ್ರ ಕಣ್ಣೂ ಓಗ್ತಿತ್ತು!" ಎಂದ ಪಾಲಾಕ್ಷ.

ಮರುದೇವಿಗೆ ಆ ಮಾತು ಕೇಳಿಸಿತೋ ಇಲ್ಲವೋ. "ಸ್ವಾಮಿಯ ಮಜ್ಜನದ ನೀರನ್ನ ತಳ್ಳಿಬಿಟ್ಟೆಯಲ್ಲೋ" ಎಂದವಳೇ ಗಿಂಡಿಯನ್ನು ಎದೆಗವಚಿಕೊಂಡು ಹೊರಟಳು. ಈಗ ಹೋದರೆ ಮತ್ತೆ ಬರುವವಳಲ್ಲ. ಆ ಹಟ ಎಂಥದೆಂದು ಜಿನದಾಸನಿಗೆ ಗೊತ್ತು. ಅವನಿಗೂ ಬಂದಿರುವುದು ಅದೇ ತಾನೆ.

ಪಿನ್ನು ಕೆಂಪೇರುತ್ತಿತ್ತು. ಅವನು ಅದನ್ನೊಮ್ಮೆ ನೋಡಿ, ಹಲ್ಲು ಕಚ್ಚಿ, ಹೊರಗೋಡಿ ಅಮ್ಮನ ಮುಂದೆ ತಲೆ ಬಗ್ಗಿಸಿ ನಿಂತ.

"ಅದಕ್ಕೆ ನೀರು ಆಗಲ್ಲಮ್ಮ. ನನ್ನ ತಲೆ ಮೇಲೆ ಹಾಕು. ಅಷ್ಟೂ ಹಾಕು."

ಮರುದೇವಿ ಅವನ ಕೈಯ ಬೊಬ್ಬೆ ನೋಡಿದಳು. ಗಿಂಡಿಯನ್ನು ಅವನ ನೆತ್ತಿಯ ಮೇಲೆ ಬಗ್ಗಿಸಿದಳು.

"ಸಾ, ಬಣ್ಣ ಬಂದ್ಬುಡ್ತು! ಬೇಗ ಬನ್ನಿ!"

ತೊಟ್ಟಿಕ್ಕುವ ತಲೆಯಲ್ಲಿ ಮೂಸೆಯ ಹತ್ತಿರ ಸುಳಿಯುವಂತಿರಲಿಲ್ಲ. "ನೀನೇ ಎತ್ತು ಪಾಲಾಕ್ಷ!" ಎಂದು ಜಿನದಾಸ ಕೂಗಿದ. ಒಳಗೆ ಎಣ್ಣೆ ಚುಂಯ್ ಎಂದಿತು. ಹದ ಸಿಕ್ಕಿತೋ ಕೆಟ್ಟಿತೋ ತಿಳಿಯದೆ ಅವನು ಚಡಪಡಿಸುತ್ತ ಬಾಗಿಲತ್ತ ಕತ್ತು ಚಾಚಿದ.

ಮರುದೇವಿ ಆ ಕತ್ತನ್ನೇ ಹಿಡಿದೆಳೆದುಕೊಂಡು ಸೆರಗಿನಿಂದ ತಲೆಯನ್ನು ಗಸಗಸ ಉಜ್ಜತೊಡಗಿದಳು. "ಒಂದು ಹನಿಯೂ ಇರಬಾರದು, ಅಲ್ವೇನೋ? ತಡಿ, ಆಮೇಲೆ ಒಳಗೆ ಹೋಗುವಂತೆ" ಎನ್ನುತ್ತ ಅವನ ಕಿವಿಗಳ ಹಿಂದೆಯೂ ಒರೆಸಿದಳು.