ಬೀಗರ ಮೀಸೆ, ಇಡೀ ದಿನದ ಮ್ಯಾಚು

ಸಲೂನ್ ಮಾಮನ ಕೈ ಮೂವತ್ತು ವರ್ಷಗಳಲ್ಲಿ ತಪ್ಪಿದ್ದು ಒಂದೇ ಒಂದು ಸಲ. ಅದೂ ಎಲ್ಲಿ? ಮಗಳ ಮದುವೆಯ ಬೆಳಿಗ್ಗೆ, ಬೀಗರ ಮೂಗಿನ ಕೆಳಗೆ. ಬಸ್ ಓಡಿಸುವ ಬೀಗರು ಇಪ್ಪತ್ತೆರಡು ವರ್ಷ ಮುದ್ದಿನಿಂದ ಸಾಕಿದ ಮೀಸೆ ಅದು. ಹೊಸ ನಂಟಿನ ಮರ್ಯಾದೆಗೆಂದು ಮಾಮ ತಾನೇ ಅವರನ್ನು ಅಂಗಡಿಗೆ ಕರೆತಂದು, ಕುರ್ಚಿಯಲ್ಲಿ ಕೂರಿಸಿ, ನೊರೆ ಹಚ್ಚಿ, ಮೀಸೆಯ ಅಂಚು ತೀಡುತ್ತಿದ್ದ. ಕನ್ನಡಿಯ ಪಕ್ಕದ ರೇಡಿಯೊದಲ್ಲಿ ಕ್ರಿಕೆಟ್ಟಿನ ವೀಕ್ಷಕ ವಿವರಣೆ ಬರುತ್ತಿತ್ತು. ಅದಿಲ್ಲದಿದ್ದರೆ ಅವನ ಕತ್ತರಿ ಓಡುವುದೇ ಇಲ್ಲ. ಇದ್ದಕ್ಕಿದ್ದಂತೆ ರೇಡಿಯೊ ‘ಔಟ್!’ ಎಂದು ಕಿರುಚಿತು. ಮಾಮ ನಿಂತಲ್ಲೇ ಕುಣಿದ. ಎಡಗಡೆಯ ಮೀಸೆ ನೆಲಕ್ಕೆ ಬಿತ್ತು.

ಬಲಗಡೆಯದೊಂದನ್ನೇ ಇಟ್ಟುಕೊಂಡು ಮಗನ ಮದುವೆಗೆ ಹೋಗಲಾದೀತೇ? ಅದನ್ನೂ ತೆಗೆಯಬೇಕಾಯಿತು. ಫೋಟೊಗಳಲ್ಲೆಲ್ಲ ಬೀಗರು ಸುಲಿದ ಆಲೂಗಡ್ಡೆಯಂತೆ ನಿಂತಿದ್ದಾರೆ. ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುತ್ತಾರೆ. ಇಲ್ಲಿ ಜಟ್ಟಿ ಕೂತಲ್ಲೇ ಕೂತಿದ್ದ, ಮೀಸೆ ಮಾತ್ರ ಮಣ್ಣುಪಾಲಾಗಿತ್ತು.

ಆವತ್ತಿನಿಂದ ಇಬ್ಬರಿಗೂ ಎಣ್ಣೆ ಸೀಗೇಕಾಯಿ. ವರ್ಷ ಕಳೆದರೂ ಬೀಗರು ಮಾಮನ ಮನೆಯ ಹೊಸಿಲು ತುಳಿಯಲಿಲ್ಲ. ಮಾಮ ಫೋನ್ ಮಾಡಿದರೆ ಎತ್ತಲಿಲ್ಲ. ಮಗಳು ತವರಿಗೆ ಬಂದಾಗಲೆಲ್ಲ ಅವಳ ಬಾಡಿದ ಮುಖ ನೋಡಿ ಮಾಮ ಮತ್ತೊಮ್ಮೆ ಫೋನ್ ಎತ್ತಿಕೊಳ್ಳುತ್ತಿದ್ದ.

“ಇನ್ನೆರಡು ತಿಂಗಳಿಗೆ ನಂಗೆ ಮಗು ಆಗುತ್ತೆ ಅಪ್ಪ,” ಎಂದಳು ಒಂದು ದಿನ. “ತೊಟ್ಟಿಲಿನ ಆ ಕಡೆ ಒಬ್ರು, ಈ ಕಡೆ ಒಬ್ರು ಮುಖ ತಿರುಗಿಸ್ಕೊಂಡು ನಿಲ್ತೀರಾ?” ಎನ್ನುತ್ತ, ಟೆಸ್ಟ್ ಕ್ರಿಕೆಟ್ಟಿನ ಒಂದು ಟಿಕೆಟ್ಟನ್ನು ಅವನ ಕೈಗೆ ತುರುಕಿದಳು. “ಪಕ್ಕದ ಸೀಟು ಮಾವನೋರದ್ದು. ಅತ್ತೂ ಕರೆದೂ ಒಪ್ಸಿದೀನಿ. ಬೆಳಿಗ್ಗೆಯಿಂದ ಸಾಯಂಕಾಲದವರೆಗೂ ಆಟ. ಮಾತಾಡ್ದೆ ಎಲ್ಲಿಗೆ ಹೋಗ್ತೀರೋ ನೋಡ್ತೀನಿ!”

ಆಟದ ದಿನ ಬೀಗರು ಮೈದಾನಕ್ಕೆ ಬಂದರು, ಹರಳೆಣ್ಣೆ ಕುಡಿದ ಮುಖ ಮಾಡಿಕೊಂಡು. ಮೀಸೆ ಮತ್ತೆ ಬೆಳೆದಿತ್ತು. ಆದರೆ ಆವತ್ತಿನಿಂದ ಅವರು ಅದನ್ನು ಯಾರಿಗೂ ಮುಟ್ಟಗೊಟ್ಟಿರಲಿಲ್ಲ. ಸವೆದ ಪೊರಕೆಯಂತೆ ತುಟಿಯ ಮೇಲೆ ಜೋಲುತ್ತಿದ್ದ ಅದನ್ನು ಓರೆಗಣ್ಣಿನಲ್ಲಿ ನೋಡಿ ಮಾಮನ ಬೆರಳುಗಳು ತುರಿಸಿದವು.

“ಯಾವಾಗ ಶುರುವಾಗುತ್ತೆ?” ಎಂದರು ಬೀಗರು ಕೊನೆಗೆ, ಎದುರಿನ ಗಾಳಿಯನ್ನು ಕೇಳಿದಂತೆ.

“ಶುರುವಾಗಿ ಒಂದು ಗಂಟೆ ಆಯ್ತು ಬೀಗರೇ.”

“ಇದೇನಾ ಆಟ? ನಮ್ಮ ಫುಟ್‌ಬಾಲ್‌ನಲ್ಲಿ ರೆಪ್ಪೆ ಹೊಡೆದ್ರೆ ಗೋಲು ತಪ್ಪಿಹೋಗುತ್ತೆ. ಇಲ್ಲಿ ಒಂದು ನಿದ್ದೆ ಮುಗಿಸಿ ಎದ್ರೂ ಅವನೇ ಬ್ಯಾಟ್ ಹಿಡ್ಕೊಂಡು ನಿಂತಿರ್ತಾನೆ!”

“ಅದೇ ಸುಖ ಅಲ್ವಾ! ಫುಟ್‌ಬಾಲ್ ನೋಡೋವಾಗ ಪಕ್ಕದೋನ ಮುಖ ನೋಡೋಕಾದ್ರೂ ಪುರುಸೊತ್ತಿರುತ್ತಾ? ಇಲ್ಲಿ ಒಂದು ಬಾಲು, ನಾಲ್ಕು ಮಾತು.”

“ಮಾತಾಡೋಕೆ ಏನಿದೆ?” ಎಂದು ಬೀಗರು ಮೂಗು ಮುರಿದರು.

ಮಾಮ ಬಿಡಲಿಲ್ಲ. “ಬಾಲ್ ನೋಡ್ಬೇಡಿ. ಆಚೆ ದೂರದಲ್ಲಿ ಫೀಲ್ಡರ್ ನಿಂತಿದಾನಲ್ಲ, ಅವನನ್ನ ನೋಡಿ. ಟಿವಿಯಲ್ಲಿ ಅವನು ಕಾಣೋದೇ ಇಲ್ಲ. ಇಲ್ಲಿ ಇಡೀ ಮೈದಾನ ನಮ್ದೇ.”

ಬೇಡದ ಮನಸ್ಸಿನಿಂದಲೇ ಬೀಗರು ನೋಡಿದರು. ಮೂವತ್ತು ವರ್ಷ ಬಸ್ಸಿನ ಮೂರು ಕನ್ನಡಿಗಳಲ್ಲಿ ರಸ್ತೆಯ ಮೂಲೆಮೂಲೆ ಗಮನಿಸಿದ ಕಣ್ಣು ಅದು. ಒಮ್ಮೆ ಕೆಲಸಕ್ಕಿಳಿದರೆ ನಿಲ್ಲುವುದಿಲ್ಲ. ಹತ್ತು ನಿಮಿಷದಲ್ಲಿ ಅವರು ಕುರ್ಚಿಯ ತುದಿಗೆ ಬಂದಿದ್ದರು.

“ರೀ, ಅವನು ಸದ್ದಿಲ್ದೆ ಹಿಂದಕ್ಕೆ ಹೋಗ್ತಿದಾನೆ! ಬ್ಯಾಟ್ ಹಿಡಿದೋನು ನೋಡೇ ಇಲ್ಲ!”

“ಕ್ಯಾಪ್ಟನ್ ಕಣ್ಣಲ್ಲೇ ಹೇಳಿದಾನೆ.”

“ಈ ಮಹಾರಾಯ ಎರಡು ಸಲ ಅಲ್ಲಿಗೇ ಹೊಡೆದ. ಮತ್ತೆ ಅಲ್ಲಿಗೇ ತಿರುಗಿಸ್ತಾನೆ ನೋಡ್ತಿರಿ. ಇಂಡಿಕೇಟರ್ ಹಾಕಿದ ಹಾಗೆ ಕಾಣ್ತಿದೆ!”

ಬೌಲರ್ ಓಡಿ ಬಂದ. ಬ್ಯಾಟು ಬೀಸಿತು. ಚೆಂಡು ಆಕಾಶಕ್ಕೇರಿ, ಬೀಗರು ಹೇಳಿದ ಕಡೆಗೇ ಇಳಿದು, ಹಿಂದೆ ಸರಿದು ನಿಂತವನ ಕೈಯೊಳಗೆ ಕೂತಿತು.

“ಔಟ್!” ಬೀಗರು ಎರಡೂ ಕೈ ಬೀಸಿ ಹಾರಿದರು. ಬಲಗೈ ನೇರವಾಗಿ ಹೋಗಿ ಮಾಮನ ಕೈಯಲ್ಲಿದ್ದ ಟೀ ಲೋಟಕ್ಕೆ ಬಡಿಯಿತು. ಆರಿದ ಟೀ ಪೂರ್ತಿ ಮಾಮನ ಬಿಳಿ ಅಂಗಿಯ ಮೇಲೆ ಚೆಲ್ಲಿತು. ಮಗಳ ಮದುವೆಗೆಂದು ಹೊಲಿಸಿದ ಅಂಗಿ.

ಬೀಗರು ನಿಂತಲ್ಲೇ ಕಲ್ಲಾದರು. ಅಂಗಿ ನೋಡಿದರು, ತಮ್ಮ ಕೈ ನೋಡಿದರು, ಆಮೇಲೆ ಮೆಲ್ಲಗೆ ಮೀಸೆ ಮುಟ್ಟಿಕೊಂಡರು.

“ನಾನು ಬೇಕಂತ ಮಾಡಿದ್ದಲ್ಲ,” ಎಂದರು. “ಕೈ ತಾನಾಗೇ ಹೋಯ್ತು.”

“ಗೊತ್ತು ಬೀಗರೇ. ನಂಗಿಂತ ಚೆನ್ನಾಗಿ ಇನ್ಯಾರಿಗೆ ಗೊತ್ತು?”

ಬೀಗರ ಹೊಟ್ಟೆ ಮೊದಲು ಕುಲುಕಿತು, ನಗು ಆಮೇಲೆ ಬಂತು. ಹಿಂದಿನ ಸಾಲಿನವರು ಕೂತ್ಕೊಳ್ರೀ ಎಂದು ಬೈಯುವವರೆಗೂ ಇಬ್ಬರೂ ನಿಂತೇ ನಕ್ಕರು. ಮಾಮನ ಕಣ್ಣಲ್ಲಿ ನೀರು ಬಂತು. ಅದು ಬರೀ ನಗುವಿನ ನೀರಲ್ಲ.

“ಒಂದು ವರ್ಷದಿಂದ ಕ್ಷಮೆ ಕೇಳ್ಬೇಕು ಅಂತ ಕಾಯ್ತಿದೀನಿ,” ಎಂದ.

“ಆಮೇಲೆ ಕೇಳೋರಂತೆ, ಸುಮ್ನಿರಿ. ಅವನು ಮತ್ತೆ ಓಡಿ ಬರ್ತಿದಾನೆ.”

ಮರುದಿನ ಆಟ ಮುಂದುವರಿದಿತ್ತು. ಅಂಗಡಿಯಲ್ಲಿ ರೇಡಿಯೊ ಹಚ್ಚುವ ಹೊತ್ತಿಗೇ ಬೀಗರು ಬಂದು ಅದೇ ಕುರ್ಚಿಯಲ್ಲಿ ಕೂತರು. ಮಾಮ ಓಡಿಹೋಗಿ ರೇಡಿಯೊ ಆರಿಸಲು ಕೈ ಚಾಚಿದ.

“ಇರ್ಲಿ ಬಿಡ್ರೀ,” ಎಂದರು ಬೀಗರು ಕಣ್ಣು ಮುಚ್ಚಿಕೊಂಡು. “ಆದ್ರೆ ಒಂದು ಮಾತು. ಓವರ್ ಮುಗಿದ ಮೇಲೆ ರೇಜರ್ ಎತ್ಕೊಳ್ಳಿ, ಬೌಲರ್ ಓಡೋಕೆ ಶುರು ಮಾಡಿದ್ರೆ ಮೇಜಿನ ಮೇಲಿಡಿ.”

ನಡುವೆ ಒಂದು ವಿಕೆಟ್ ಬಿತ್ತು. ಬೀಗರು ಮುಖದ ತುಂಬ ನೊರೆಯಿಟ್ಟುಕೊಂಡೇ ಕುರ್ಚಿಯಿಂದ ಹಾರಿದರು. ರೇಜರ್ ಮೇಜಿನ ಮೇಲಿತ್ತು. ಮೀಸೆಯ ಎರಡೂ ಅಂಚು ತೀಡಿ ಮುಗಿಸಲು ಹನ್ನೊಂದು ಓವರು ಹಿಡಿಯಿತು.